ನನ್ನ ಕೆಲಸ ಮುಂದೆ ಯಾರ ಕೈಗೆ ಹೋಗುತ್ತದೆ? ನಿಮ್ಮ ಅನುಭವ ಹೇಳಿ

ನಕ್ಷೆಗಾರ

ಎಲ್ಲರಿಗೂ ನಮಸ್ಕಾರ. ಕೆಲಸದ ಬಗ್ಗೆ ಮಾತು ಬಂದಾಗಲೆಲ್ಲ ಎರಡು ಬುದ್ಧಿಮಾತು ಕೇಳಿಸುತ್ತವೆ. ಇಷ್ಟವಾದ ಕೆಲಸ ಹುಡುಕಿಕೋ ಅನ್ನುವುದು ಒಂದು. ಮೈಮುರಿದು ದುಡಿ ಅನ್ನುವುದು ಇನ್ನೊಂದು. ನನಗೆ ಎರಡೂ ಸಾಲುವುದಿಲ್ಲ. ಇಷ್ಟ ಅನ್ನುವುದು ಇವತ್ತು ಇರುತ್ತದೆ, ನಾಳೆ ಇರುವುದಿಲ್ಲ. ಮೈಮುರಿದು ದುಡಿದವರ ಕೆಲಸವೂ ಎಷ್ಟೋ ಸಲ ಕೆಟ್ಟಿರುತ್ತದೆ. ನಾನು ಹಿಡಿದುಕೊಂಡಿರುವುದು ಒಂದೇ ಪ್ರಶ್ನೆ. ಇದು ನನ್ನ ನಂತರ ಯಾರ ಕೈಗೆ ಹೋಗುತ್ತದೆ? ಅವರ ಕೆಲಸ ಇದರಿಂದ ಹಗುರವಾಗುತ್ತದೋ, ಭಾರವಾಗುತ್ತದೋ?

ನಾನು ಉಕ್ಕಿನ ಕಟ್ಟಡಗಳಿಗೆ ನಕ್ಷೆ ಬರೆಯುವವನು. ನನ್ನ ನಕ್ಷೆ ಮೊದಲು ವರ್ಕ್‌ಶಾಪ್‌ಗೆ ಹೋಗುತ್ತದೆ. ಅಲ್ಲಿಂದ ಎತ್ತರದಲ್ಲಿ ನಿಂತು ತೊಲೆ ಜೋಡಿಸುವವನ ಕೈಗೆ. 20 ಮಿ.ಮೀ. ಬೋಲ್ಟ್‌ಗೆ 22 ಮಿ.ಮೀ. ತೂತು ಕೊಡುತ್ತೇವೆ. ಅಂದರೆ ಅವನಿಗೆ ಸಿಗುವ ಸಡಿಲ ಒಟ್ಟು 2 ಮಿ.ಮೀ. ನಾನು ಕಂಪ್ಯೂಟರ್ ಮುಂದೆ ಕೂತು ಅದಕ್ಕಿಂತ ಜಾಸ್ತಿ ತಪ್ಪಿದರೆ, ಅವನು ಗಾಳಿಯಲ್ಲಿ ಬೆಲ್ಟ್ ಕಟ್ಟಿಕೊಂಡು ನೇತಾಡುತ್ತಾ ತೂತು ಹಿಗ್ಗಿಸಬೇಕು. ಇನ್ನೊಂದು ವಿಷಯ, ಯಾರ ಕಣ್ಣಿಗೂ ಬೀಳದ್ದು: ಸ್ಪ್ಯಾನರ್ ತಿರುಗಿಸಲು ಜಾಗ. ನಕ್ಷೆಯಲ್ಲಿ ಎಲ್ಲ ಬೋಲ್ಟೂ ಚೆನ್ನಾಗಿ ಕೂತಿರುತ್ತವೆ. ನಿಜವಾಗಿ ಸ್ಪ್ಯಾನರ್ ಹಾಕಲು ಹೋದರೆ ಪಕ್ಕದ ಪ್ಲೇಟ್ ಅಡ್ಡ ಬರುತ್ತದೆ. ಲೆಕ್ಕ ಸರಿ, ಅಳತೆ ಸರಿ, ಕೆಲಸ ಮಾತ್ರ ಆಗುವುದಿಲ್ಲ. ಆ ಜಾಗ ಬಿಟ್ಟಿದ್ದಕ್ಕೆ ಯಾರೂ ನನ್ನನ್ನು ಹೊಗಳುವುದಿಲ್ಲ. ಹೊಗಳಬೇಕಾಗಿಯೂ ಇಲ್ಲ. ಆದರೆ ಅದನ್ನು ಬಿಟ್ಟೆನಾ ಇಲ್ಲವಾ ಅನ್ನುವುದರಲ್ಲೇ ನನ್ನ ಕೆಲಸ ಇದೆ ಎಂದು ನಂಬಿದ್ದೇನೆ.

ನಮ್ಮ ಕಸುಬಿನವರು ಮರೆಯಬಾರದ ಒಂದು ಘಟನೆ ಇದೆ. ಕೆನಡಾದ ಸೇಂಟ್ ಲಾರೆನ್ಸ್ ನದಿಯ ಮೇಲೆ ಕ್ವಿಬೆಕ್ ಸೇತುವೆ ಕಟ್ಟುತ್ತಿದ್ದರು. ಮೊದಲು 1,600 ಅಡಿ ಎಂದುಕೊಂಡಿದ್ದ ನಡುವಿನ ಅಂಕಣವನ್ನು, ಅಂದರೆ ಎರಡು ಆಧಾರಗಳ ನಡುವಿನ ಅಂತರವನ್ನು, 1,800 ಅಡಿಗೆ ಹೆಚ್ಚಿಸಿದರು. ಆದರೆ ಸೇತುವೆಯ ಸ್ವಂತ ಭಾರ ಎಷ್ಟು ಏರಿತು ಎಂದು ಸರಿಯಾಗಿ ಮತ್ತೆ ಲೆಕ್ಕ ಹಾಕಲಿಲ್ಲ. ಕೆಳಗಿನ ಉಕ್ಕಿನ ಭಾಗಗಳು ಬಾಗತೊಡಗಿದವು. ಬಾಗಿದ್ದು ಸ್ಥಳದಲ್ಲಿದ್ದವರಿಗೆ ಕಾಣಿಸಿತು. ಅಲ್ಲಿನ ಎಂಜಿನಿಯರ್ ಅದನ್ನು ಖುದ್ದಾಗಿ ಹೇಳಲು ನ್ಯೂಯಾರ್ಕ್‌ನಲ್ಲಿದ್ದ ಹಿರಿಯ ಸಲಹೆಗಾರರ ಹತ್ತಿರ ಹೋದರು. ಇನ್ನು ಭಾರ ಹೇರಬೇಡಿ ಎಂದು ಆ ಸಲಹೆಗಾರರು ತಂತಿ (ಟೆಲಿಗ್ರಾಂ) ಕಳಿಸಿದರು. ಆ ತಂತಿ ಹೋಗಿದ್ದು ಸೇತುವೆ ಕಟ್ಟುತ್ತಿದ್ದ ಕಂಪನಿಯ ಕಚೇರಿಗೆ. ಸೇತುವೆಯ ಮೇಲಿದ್ದವರಿಗೆ ಹೊತ್ತಿಗೆ ಸರಿಯಾಗಿ ಸುದ್ದಿ ಮುಟ್ಟಲಿಲ್ಲ. 1907ರ ಆಗಸ್ಟ್ 29ರ ಸಂಜೆ, ಕೆಲಸ ಮುಗಿಯುವ ಹೊತ್ತಿಗೆ ಸೇತುವೆ ಕುಸಿಯಿತು. 75 ಜನ ಸತ್ತರು.

ಇದನ್ನು ಓದಿದಾಗಲೆಲ್ಲ ನನಗೆ ಕಾಡುವುದು ಒಂದೇ. ಅಲ್ಲಿ ಯಾರೂ ಸೋಮಾರಿಗಳಲ್ಲ. ಎಲ್ಲರೂ ದುಡಿಯುತ್ತಲೇ ಇದ್ದರು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಬೇಕಾದದ್ದು ಹೋಗಲಿಲ್ಲ, ಅಷ್ಟೇ. 1925ರಿಂದ ಕೆನಡಾದ ಎಂಜಿನಿಯರ್‌ಗಳು ಒಂದು ಕಬ್ಬಿಣದ ಉಂಗುರ ಹಾಕಿಕೊಳ್ಳುತ್ತಾರೆ. ಬರೆಯುವ ಕೈಯ ಕಿರುಬೆರಳಿಗೆ. ಬರೆಯುವಾಗ ಅದು ಕಾಗದಕ್ಕೆ ಉಜ್ಜಿ ತಮ್ಮ ಹೊಣೆಯನ್ನು ನೆನಪಿಸುತ್ತಲೇ ಇರಲಿ ಎಂದು.

ನೀವೆಲ್ಲ ಬೇರೆ ಬೇರೆ ಕೆಲಸದವರು. ನಿಮ್ಮ ಕೆಲಸದಲ್ಲಿ ಮುಂದಿನ ಕೈ ಯಾವುದು? ಅದಕ್ಕಾಗಿ ಏನು ಮಾಡುತ್ತೀರಿ? ಒಪ್ಪದಿದ್ದರೆ ಅದನ್ನೂ ಬರೆಯಿರಿ.

ವೈರ್‌ಮ್ಯಾನ್

ಸ್ಪ್ಯಾನರ್ ಮಾತು ಓದಿ ಖುಷಿಯಾಯಿತು ಸರ್. ನಮ್ಮಲ್ಲಿ ಅದು ವೈರಿನ ಉದ್ದ.

ಸ್ವಿಚ್ ಬೋರ್ಡ್ ಹಾಕುವಾಗ ಡಬ್ಬದೊಳಗೆ ವೈರ್ ಒಂದು ಗೇಣಿನಷ್ಟು ಜಾಸ್ತಿ ಬಿಟ್ಟು ಮಡಚಿ ಇಡಬೇಕು. ಮುಂದೆ ಸ್ವಿಚ್ ಸುಟ್ಟರೆ ಬಂದವನು ಸುಟ್ಟ ತುದಿ ಕತ್ತರಿಸಿ ಹೊಸದಾಗಿ ಜೋಡಿಸಬಹುದು. ವೈರ್ ಉಳಿಸುತ್ತೇನೆ ಎಂದು ಬಿಗಿಯಾಗಿ ಎಳೆದು ಬಿಟ್ಟರೆ ಅವನು ಪೈಪಿನಿಂದ ಹೊಸ ವೈರ್ ಎಳೆಯಬೇಕು. ಇಲ್ಲದಿದ್ದರೆ ಗೋಡೆಯೊಳಗೇ ತುಂಡು ಸೇರಿಸಿ ಟೇಪ್ ಸುತ್ತುತ್ತಾನೆ. ಬೆಂಕಿ ಹತ್ತುವುದು ಅಂಥ ಕಡೆಯೇ.

ಇನ್ನೊಂದು ಬಣ್ಣ. ಹಸಿರು ವೈರ್ ಅರ್ತ್‌ಗೆ ಮಾತ್ರ. ಕೆಲಸದ ಮಧ್ಯೆ ಬೇರೆ ಬಣ್ಣ ಖಾಲಿಯಾಯಿತು, ಹಸಿರು ಉಳಿದಿದೆ, ಇದೊಂದು ಕಡೆ ಕರೆಂಟ್ ಬರುವ ಫೇಸ್ ಲೈನ್‌ಗೆ ಎಳೆದುಬಿಡೋಣ ಎಂದು ಮಾಡುವವರಿದ್ದಾರೆ. ಲೈಟ್ ಉರಿಯುತ್ತದೆ. ಮನೆಯವರಿಗೆ ಗೊತ್ತಾಗುವುದಿಲ್ಲ. ಐದು ವರ್ಷ ಕಳೆದು ರಿಪೇರಿಗೆ ಬಂದ ಹುಡುಗ ಹಸಿರು ಅಲ್ವಾ ಎಂದು ಧೈರ್ಯವಾಗಿ ಮುಟ್ಟುತ್ತಾನೆ. ಅವನು ಯಾರೋ ನನಗೆ ಗೊತ್ತಿಲ್ಲ. ಆದರೂ ಅವನ ಜೀವ ನನ್ನ ಕೈಯಲ್ಲೇ ಇತ್ತು. ನನ್ನ ಹತ್ತಿರ ಕೆಲಸ ಕಲಿಯುವ ಹುಡುಗರಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ. ಟೆಸ್ಟರ್ ಹಿಡಿಯುವುದು ಆಮೇಲೆ.

ನೇರಮಾತು

ಇಬ್ಬರ ಮಾತೂ ಚೆನ್ನಾಗಿದೆ, ಆದರೆ ನನಗೆ ಒಂದು ತಕರಾರಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮುಂದಿನ ಕೈ ಅನ್ನುವ ಕಾಳಜಿಯನ್ನೇ ಹಿಡಿದು ಜನರನ್ನು ಹಿಂಡುತ್ತಾರೆ. ನಾನು ಕೆಲಸಗಾರರ ಸಂಘದಲ್ಲಿ ಇರುವವನು, ದಿನವೂ ನೋಡುತ್ತೇನೆ. ನೀನು ಹೋದರೆ ರೋಗಿಯ ಗತಿ ಏನು, ನೀನು ರಜೆ ಹಾಕಿದರೆ ಮಕ್ಕಳ ಗತಿ ಏನು ಎಂದು ಕೇಳುತ್ತಾರೆ. ಕಾಟಾಚಾರಕ್ಕೆ ಮಾಡುವವನಿಗೆ ಈ ಮಾತು ತಟ್ಟುವುದಿಲ್ಲ. ಮನಸ್ಸಿಟ್ಟು ಮಾಡುವವನಿಗೇ ತಟ್ಟುತ್ತದೆ. ಹಾಗಾಗಿ ಭಾರವೆಲ್ಲ ಅವನ ತಲೆ ಮೇಲೆಯೇ ಬೀಳುತ್ತದೆ. ಇಬ್ಬರ ಕೆಲಸ ಒಬ್ಬನೇ ಮಾಡುತ್ತಾನೆ. ಇನ್ನೊಬ್ಬನನ್ನು ನೇಮಿಸುವ ಅಗತ್ಯವೇ ಯಾರಿಗೂ ಕಾಣುವುದಿಲ್ಲ.

ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1919ರಲ್ಲೇ ತನ್ನ ಮೊಟ್ಟಮೊದಲ ಒಪ್ಪಂದದಲ್ಲಿ ಬರೆಯಿತು. ನೂರು ವರ್ಷದ ಮೇಲಾಯಿತು. 2021ರಲ್ಲಿ ಅದೇ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ಒಂದು ಅಂದಾಜು ಪ್ರಕಟಿಸಿದವು. ಅತಿಯಾದ ಕೆಲಸದ ಅವಧಿಯಿಂದಾಗಿ 2016ರಲ್ಲಿ ಪಾರ್ಶ್ವವಾಯು ಮತ್ತು ಹೃದಯಾಘಾತದಂಥ ಕಾಯಿಲೆಗಳಲ್ಲಿ ಸತ್ತವರು 7,45,000 ಜನ. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಅಥವಾ ಜಾಸ್ತಿ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ. 35 ಹೆಚ್ಚು.

ನಕ್ಷೆಗಾರರೇ, ನಿಮ್ಮ ಸೇತುವೆಯ ಕತೆಯಲ್ಲೂ ನನಗೆ ಕಾಣುವುದು ಬೇರೆ. ಬಾಗಿದ್ದು ಗೊತ್ತಿತ್ತು. ಆದರೂ ಕೆಲಸ ನಿಲ್ಲಲಿಲ್ಲ. ಸತ್ತವರು ಬೋಲ್ಟ್ ಬಿಗಿಯುವವರು. ಅವರ ನಿಷ್ಠೆಯಲ್ಲಿ ಏನೂ ಕೊರತೆ ಇರಲಿಲ್ಲ ಅಲ್ವಾ? ನಿಷ್ಠೆಯ ಪಾಠ ಯಾವಾಗಲೂ ಕೆಳಗಿನವರಿಗೇ ಯಾಕೆ?

ರಾತ್ರಿಪಾಳಿ

ನೇರಮಾತು ಅವರ ತಕರಾರು ನನಗೆ ಸರಿಯಾಗಿ ನಾಟಿತು. ನಾನು ನರ್ಸ್. ನಮ್ಮ ಕೆಲಸದಲ್ಲಿ ಮುಂದಿನ ಕೈ ದಿನಕ್ಕೆ ಮೂರು ಸಲ ಎದುರಿಗೇ ಬಂದು ನಿಲ್ಲುತ್ತದೆ. ಅದಕ್ಕೇ ಬರೆಯಬೇಕು ಅನ್ನಿಸಿತು.

ಪಾಳಿ ಬದಲಾಗುವಾಗ ಮಂಚದ ಪಕ್ಕದಲ್ಲೇ ನಿಂತು ಒಪ್ಪಿಸುತ್ತೇವೆ. ಯಾರು, ಯಾಕೆ ಬಂದಿದ್ದಾರೆ, ಈ ಪಾಳಿಯಲ್ಲಿ ಏನಾಯಿತು, ಮುಂದೆ ಏನು ನೋಡಿಕೊಳ್ಳಬೇಕು. ಡ್ರಿಪ್ ಎಷ್ಟು ಉಳಿದಿದೆ, ಮೂತ್ರ ಎಷ್ಟು ಹೋಗಿದೆ, ನೋವಿನ ಔಷಧಿ ಕೊನೆಯ ಸಲ ಎಷ್ಟು ಗಂಟೆಗೆ ಕೊಟ್ಟಿದ್ದೇನೆ. ಈ ಕೊನೆಯದೊಂದನ್ನು ಬರೆಯದೆ ಹೋದರೆ ನೋಡಿ. ರೋಗಿ ನೋವು ಎಂದು ಕೂಗುತ್ತಾರೆ. ಬಂದವಳಿಗೆ ಕೊಡಬೇಕೋ ಬೇಡವೋ ಗೊತ್ತಾಗುವುದಿಲ್ಲ. ಕೊಟ್ಟರೆ ಎರಡು ಸಲ ಆಗಬಹುದು. ಕೊಡದಿದ್ದರೆ ಆ ಮನುಷ್ಯ ಸುಮ್ನೆ ನರಳಬೇಕು. ಒಂದು ಸಾಲು ಬರೆಯಲು ಅರ್ಧ ನಿಮಿಷ ಸಾಕು. ಹನ್ನೆರಡು ಗಂಟೆ ನಿಂತು ಕಾಲು ಸೋತಾಗ ಆ ಅರ್ಧ ನಿಮಿಷವೇ ಬೆಟ್ಟವಾಗುತ್ತದೆ.

ಅದಕ್ಕೇ ಹೇಳುತ್ತೇನೆ, ನೇರಮಾತು ಅವರೇ, ನಿಮ್ಮ ಮಾತಿಗೂ ನಕ್ಷೆಗಾರರ ಮಾತಿಗೂ ಜಗಳವಿಲ್ಲ. ದಣಿದವಳು ಸರಿಯಾಗಿ ಒಪ್ಪಿಸಲಾರಳು. ನಾಳೆ ಬೆಳಿಗ್ಗೆ ಕೆಲಸಕ್ಕೆ ಬರುವ ನಾನೂ ಒಂದು ಮುಂದಿನ ಕೈಯೇ. ಇವತ್ತು ಮೂರನೇ ಪಾಳಿಯನ್ನೂ ಒಪ್ಪಿಕೊಂಡರೆ ಅವಳಿಗೆ ಏನು ಉಳಿಸಿಕೊಡುತ್ತೇನೆ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನುವುದನ್ನು ವಿವರಿಸಿದಾಗ ಮೂರು ಲಕ್ಷಣ ಹೇಳಿತು. ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರವಾಗುವುದು ಅಥವಾ ಅದರ ಬಗ್ಗೆ ಬೇಸರ ಹುಟ್ಟುವುದು, ಕೈಲಿ ಆಗುವಷ್ಟೂ ಆಗದಿರುವುದು. ಅದನ್ನು ಕಾಯಿಲೆ ಎಂದು ಕರೆಯಲಿಲ್ಲ. ಕೆಲಸದ ಜಾಗದಲ್ಲಿ ಹುಟ್ಟುವ ಸ್ಥಿತಿ ಎಂದು ಕರೆಯಿತು. ನನಗೆ ಅದು ಮುಖ್ಯ ಅನ್ನಿಸುತ್ತದೆ, ಏಕೆಂದರೆ ತಪ್ಪು ದಣಿದವರ ಮೇಲೆ ಬೀಳುವುದಿಲ್ಲ.

ಇಲ್ಲ ಅನ್ನುವುದನ್ನು ನಾನು ಹಿರಿಯ ಅಕ್ಕ ಒಬ್ಬರಿಂದ ಕಲಿತೆ. ಅವರು ದನಿ ಏರಿಸದೆ ಹೇಳುತ್ತಿದ್ದರು: "ಈಗ ನಾನು ನಿಂತರೆ ತಪ್ಪು ಔಷಧಿ ಕೊಡುತ್ತೇನೆ. ಮನೆಗೆ ಹೋಗುತ್ತೇನೆ." ವಾರ್ಡಿನಲ್ಲಿ ಅವರಷ್ಟು ನಿಷ್ಠೆಯವರನ್ನು ನಾನು ನೋಡಿಲ್ಲ.

ಕಡತ

ನಿಮ್ಮನ್ನೆಲ್ಲ ಓದಿದರೆ ಹೊಟ್ಟೆಕಿಚ್ಚಾಗುತ್ತದೆ. ಬೋಲ್ಟ್, ವೈರ್, ರೋಗಿ, ಎಲ್ಲ ಕಣ್ಣಿಗೆ ಕಾಣುವಂಥವು. ನಾನು ತಿಂಗಳ ವರದಿ ತಯಾರಿಸುತ್ತೇನೆ. ಹಲವು ಪುಟ, ಹಲವು ಕೋಷ್ಟಕ. ಮೇಲಕ್ಕೆ ಕಳಿಸುತ್ತೇನೆ. ಯಾರು ಓದುತ್ತಾರೋ ಗೊತ್ತಿಲ್ಲ. ಇವತ್ತಿನವರೆಗೆ ಒಬ್ಬರೂ ಒಂದು ಪ್ರಶ್ನೆ ಕೇಳಿಲ್ಲ. ಸಂಬಳ ಸರಿಯಾಗಿ ಬರುತ್ತದೆ, ಬೈಗುಳ ಇಲ್ಲ. ಆದರೂ ಬೆಳಿಗ್ಗೆ ಎದ್ದಾಗ ಕೈ ಓಡುವುದಿಲ್ಲ. ಮುಂದಿನ ಕೈಯೇ ಇಲ್ಲದಿದ್ದರೆ ನಕ್ಷೆಗಾರರ ಸೂತ್ರ ಏನಾಗುತ್ತದೆ?

ನಕ್ಷೆಗಾರ

ಕಡತ ಅವರೇ, ನಿಮಗೆ ಕೈ ಓಡದಿರುವುದು ಸೋಮಾರಿತನ ಅಲ್ಲ. ಅದನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ.

2008ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ. ವಿದ್ಯಾರ್ಥಿಗಳಿಗೆ ಲೆಗೋ ತುಂಡುಗಳಿಂದ ಗೊಂಬೆ ಜೋಡಿಸಲು ಕೊಟ್ಟರು. ಗೊಂಬೆಗೆ ಇಷ್ಟು ಎಂದು ಹಣ. ಮಾಡುತ್ತಾ ಹೋದಂತೆ ಪ್ರತಿ ಗೊಂಬೆಗೂ ಹಣ ಸ್ವಲ್ಪ ಸ್ವಲ್ಪ ಕಡಿಮೆ. ಸಾಕು ಅನ್ನಿಸಿದಾಗ ನಿಲ್ಲಿಸಬಹುದು. ಒಂದು ಗುಂಪಿನವರ ಗೊಂಬೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಇನ್ನೊಂದು ಗುಂಪಿನವರು ಮುಂದಿನ ಗೊಂಬೆ ಮಾಡುತ್ತಿರುವಾಗಲೇ, ಮಾಡಿ ಮುಗಿಸಿದ್ದನ್ನು ಅವರ ಕಣ್ಣೆದುರೇ ಬಿಚ್ಚಿ ಹಾಕಿದರು. ಇಬ್ಬರಿಗೂ ಹಣ ಒಂದೇ. ಮೊದಲ ಗುಂಪು ಸರಾಸರಿ 10.6 ಗೊಂಬೆ ಮಾಡಿತು, ಎರಡನೆಯದು 7.2. ಗೊಂಬೆಯಿಂದ ಯಾರಿಗೂ ಏನೂ ಉಪಯೋಗ ಇರಲಿಲ್ಲ, ಗಮನಿಸಿ. ಮಾಡಿದ್ದು ಉಳಿಯಿತು ಅನ್ನುವುದಷ್ಟೇ ಸಾಕಾಯಿತು.

ಇನ್ನೊಂದು 2007ರದ್ದು. ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿ ದೇಣಿಗೆ ಕೇಳುವ ಕೆಲಸದವರು. ಬರೀ ಇಲ್ಲ ಅನ್ನಿಸಿಕೊಳ್ಳುವ ಕೆಲಸ. ಅವರಲ್ಲಿ ಕೆಲವರಿಗೆ ಆ ದೇಣಿಗೆಯಿಂದ ಓದುತ್ತಿದ್ದ ಒಬ್ಬ ವಿದ್ಯಾರ್ಥಿಯನ್ನು ಕೆಲವೇ ನಿಮಿಷ ಭೇಟಿ ಮಾಡಿಸಿದರು. ಒಂದು ತಿಂಗಳ ನಂತರ ನೋಡಿದರೆ ಅವರು ಫೋನಿನಲ್ಲಿ ಕಳೆಯುವ ಹೊತ್ತು ಎರಡು ಪಟ್ಟಿಗಿಂತ ಜಾಸ್ತಿಯಾಗಿತ್ತು. ಸಂಬಳ ಏರಿರಲಿಲ್ಲ, ಭಾಷಣ ಯಾರೂ ಮಾಡಿರಲಿಲ್ಲ. ಮುಂದಿನ ಕೈ ಯಾರದೆಂದು ಕಂಡಿತು.

ನಿಮ್ಮ ವರದಿ ಹೋಗುವ ದಾರಿಯನ್ನು ಒಮ್ಮೆ ಹಿಂಬಾಲಿಸಿ. ಮೇಲ್ ಕಳಿಸಿ ಕಾಯಬೇಡಿ, ಎದ್ದು ಹೋಗಿ ಕೇಳಿ. ಯಾವ ಪುಟ ತೆರೆಯುತ್ತೀರಿ, ಯಾವುದು ಬೇಡ, ಯಾವುದು ಬೇಕಿತ್ತು ಆದರೆ ಇಲ್ಲ. ಯಾರಿಗೂ ಬೇಡದ ಪುಟ ಇದ್ದರೆ ಅದನ್ನು ಬಿಡಿಸಲು ಹೋರಾಡುವುದೂ ನಿಷ್ಠೆಯೇ. ಯಾರಿಗೂ ಬೇಡದ್ದನ್ನು ಅಚ್ಚುಕಟ್ಟಾಗಿ ಮಾಡುತ್ತಾ ಕೂರುವುದನ್ನು ನಾನು ನಿಷ್ಠೆ ಎಂದು ಕರೆಯಲಾರೆ.

ಹಳೇಮೇಷ್ಟ್ರು

ಕೊನೆಯ ಸಾಲನ್ನು ನಾನು ಪೂರ್ತಿ ಒಪ್ಪಲಾರೆ, ನಕ್ಷೆಗಾರರೇ. ಶಾಲೆಯಲ್ಲಿ ಪಾಠ ಮಾಡಿ ನಿವೃತ್ತನಾದವನು ನಾನು. ನನ್ನ ಕೆಲಸದ ಮುಂದಿನ ಕೈ ಇಪ್ಪತ್ತು ವರ್ಷ ಆದ ಮೇಲೆ ಕಾಣಬಹುದು, ಕಾಣದೆಯೂ ಹೋಗಬಹುದು. ಭಿನ್ನರಾಶಿ ಕೂಡುವುದನ್ನು ಹಿಂದಿನ ಬೆಂಚಿನ ಹುಡುಗಿಗೆ ನಾಲ್ಕನೇ ಸಲ, ಬೇರೆ ರೀತಿಯಲ್ಲಿ ಹೇಳಿಕೊಡುವಾಗ ಅದು ಎಲ್ಲಿಗೆ ತಲುಪುತ್ತದೆ ಎಂದು ಲೆಕ್ಕ ಹಾಕಲು ಆಗುವುದಿಲ್ಲ. ಲೆಕ್ಕ ಹಾಕುತ್ತಾ ಕೂತರೆ ಹೇಳಿಕೊಡಲೂ ಆಗುವುದಿಲ್ಲ. ಕೆಲವು ಕೆಲಸವನ್ನು ಅದು ಸರಿಯಾಗಿ ಆಗಬೇಕು ಅನ್ನುವ ಒಂದೇ ಕಾರಣಕ್ಕೆ ಮಾಡಬೇಕಾಗುತ್ತದೆ.

ಕೆಲಸ ಇಲ್ಲವಾದರೆ ಏನಾಗುತ್ತದೆ ಎಂದೂ ನೋಡಬೇಕು. ಆಸ್ಟ್ರಿಯಾದಲ್ಲಿ ಮಾರಿಯೆಂಟಾಲ್ ಎಂಬ ಹಳ್ಳಿ. ಇಡೀ ಊರು ಒಂದು ಬಟ್ಟೆ ಗಿರಣಿಯನ್ನು ನಂಬಿತ್ತು. ಜಾಗತಿಕ ಆರ್ಥಿಕ ಕುಸಿತದ ಕಾಲದಲ್ಲಿ ಗಿರಣಿ ಮುಚ್ಚಿತು. ಸಂಶೋಧಕಿ ಮರೀ ಯಹೋಡಾ ಮತ್ತು ಜೊತೆಯವರು ಅಲ್ಲಿಗೆ ಹೋಗಿ ಜನರ ದಿನಚರಿ ನೋಡಿದರು, 1933ರಲ್ಲಿ ಪ್ರಕಟಿಸಿದರು. ಈಗ ಬಿಡುವು ಬೇಕಾದಷ್ಟಿದೆ, ಜನ ಜಾಸ್ತಿ ಓದುತ್ತಾರೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಸಂಶೋಧಕರು ಗಡಿಯಾರ ಹಿಡಿದು ಬೀದಿಯಲ್ಲಿ ಜನ ನಡೆಯುವ ವೇಗವನ್ನೂ ಅಳೆದರು. ಗಂಡಸರು ನಿಧಾನವಾಗಿ ನಡೆಯುತ್ತಿದ್ದರು, ಮತ್ತೆ ಮತ್ತೆ ನಿಲ್ಲುತ್ತಿದ್ದರು. ಹೆಂಗಸರು ಅಷ್ಟು ನಿಲ್ಲುತ್ತಿರಲಿಲ್ಲ. ಅವರಿಗೆ ಮನೆಗೆಲಸ ಇದ್ದೇ ಇತ್ತು.

ಹಾಗೆಂದು ದುಡಿತವೇ ಎಲ್ಲ ಎಂದು ನಾನು ಹೇಳುವುದಿಲ್ಲ. ನೇರಮಾತು ಅವರ ಸಿಟ್ಟಿಗೆ ನಮ್ಮ ಶರಣರ ಮಾತಿನಲ್ಲೇ ಬೆಂಬಲ ಇದೆ. ಕಾಯಕದ ಮಾತನ್ನು ಎಲ್ಲರೂ ಎತ್ತುತ್ತಾರೆ, ಆಯ್ದಕ್ಕಿ ಲಕ್ಕಮ್ಮನನ್ನು ಮರೆಯುತ್ತಾರೆ. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ಹೆಚ್ಚಿನದ್ದನ್ನು ತಂದ ಜಾಗದಲ್ಲೇ ಸುರಿದು ಬಾ ಎಂದವಳು ಆಕೆ. ಹನ್ನೆರಡನೇ ಶತಮಾನದಲ್ಲಿ ಕಾಯಕದ ಜೊತೆಗೇ ಸಾಕು ಅನ್ನುವುದೂ ಬಂದಿತ್ತು. ಮೊದಲ ಭಾಗವನ್ನು ಮಾತ್ರ ಹೇಳಿ ಜನರನ್ನು ದುಡಿಸುವುದು ಅನ್ಯಾಯ.

ಮೊದಲಸಂಬಳ

ನಾನು ಕೆಲಸಕ್ಕೆ ಸೇರಿ ವರ್ಷ ತುಂಬಿಲ್ಲ. ಹಿರಿಯರೆಲ್ಲ ಇಲ್ಲಿದ್ದೀರಿ, ಕೇಳಿಬಿಡುತ್ತೇನೆ. ನನಗೆ ಈ ಕೆಲಸದ ಮೇಲೆ ಪ್ರೀತಿ ಇಲ್ಲ. ಇಂಥದ್ದೇ ಬೇಕು ಅನ್ನುವ ಹಂಬಲ ಬೇರೆ ಯಾವುದರ ಮೇಲೂ ಇಲ್ಲ. ಗೆಳೆಯರಿಗೆಲ್ಲ ಅದು ಇದ್ದ ಹಾಗೆ ಕಾಣುತ್ತದೆ. ಬಿಟ್ಟು ಹುಡುಕಲಾ?

ವೈರ್‌ಮ್ಯಾನ್

ತಮ್ಮಾ, ನನಗೂ ಕರೆಂಟಿನ ಮೇಲೆ ಪ್ರೀತಿ ಇರಲಿಲ್ಲ. ಹೊಟ್ಟೆಪಾಡಿಗೆ ಬಂದೆ. ಕೈ ಪಳಗಿದ ಮೇಲೆ ಪ್ರೀತಿ ಬಂತು. ಬೋರ್ಡ್ ಮುಚ್ಚಳ ಹಾಕುವ ಮೊದಲು ಒಳಗೆ ಒಂದು ಸಲ ನೋಡಿದಾಗ ಎಲ್ಲ ಸಾಲಾಗಿ ಕೂತಿರುತ್ತದಲ್ಲ, ಆಗ ಬರುವ ಸಮಾಧಾನ ಮೊದಲ ವರ್ಷ ಸಿಗುವುದಿಲ್ಲ. ಅಲ್ಲಿ ಕಲಿಯಲು ಏನಾದರೂ ಇದೆಯಾ ನೋಡು. ಕಲಿಸುವವರು ಇದ್ದಾರಾ ನೋಡು. ಎರಡೂ ಇಲ್ಲದಿದ್ದರೆ ಬೇರೆ ಕಡೆ ಹುಡುಕು.

ರಾತ್ರಿಪಾಳಿ

ಅಣ್ಣ ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಕೆಲಸದ ಮೇಲೆ ಪ್ರೀತಿ ಇಲ್ಲದೆಯೂ ಒಳ್ಳೆಯ ಕೆಲಸ ಮಾಡಬಹುದು. ಅದರಲ್ಲಿ ಕೊರತೆ ಏನೂ ಇಲ್ಲ. ಸಂಬಳಕ್ಕೆ ದುಡಿದು, ಸರಿಯಾಗಿ ಒಪ್ಪಿಸಿ, ಹೊತ್ತಿಗೆ ಮನೆಗೆ ಹೋಗಿ, ಅಲ್ಲಿ ತಮ್ಮ ಪ್ರೀತಿಯ ವಿಷಯಗಳಲ್ಲಿ ಮುಳುಗುವ ಎಷ್ಟೋ ಒಳ್ಳೆಯ ನರ್ಸ್‌ಗಳು ನನಗೆ ಗೊತ್ತು.

ಕಡತ

ನಕ್ಷೆಗಾರರ ಮಾತು ಕೇಳಿ ಎದ್ದು ಹೋದೆ. ದೊಡ್ಡ ಪುಟಗಳನ್ನು ನಿಜವಾಗಿ ಯಾರೂ ತೆರೆಯುವುದಿಲ್ಲ. ಆದರೆ ಕೊನೆಯ ಎರಡು ಕೋಷ್ಟಕಗಳನ್ನು ಇನ್ನೊಂದು ವಿಭಾಗದ ಮೇಡಂ ಪ್ರತಿ ತಿಂಗಳೂ ಬಳಸುತ್ತಾರೆ. ನಾನು ಪಿಡಿಎಫ್ ಕಳಿಸುತ್ತಿದ್ದೆ. ಅವರು ಅದನ್ನು ನೋಡಿಕೊಂಡು ಒಂದೊಂದೇ ಸಂಖ್ಯೆಯನ್ನು ಮತ್ತೆ ಎಕ್ಸೆಲ್‌ನಲ್ಲಿ ಟೈಪ್ ಮಾಡುತ್ತಿದ್ದರು. ಈಗ ಎಕ್ಸೆಲ್ ಕಡತವನ್ನೇ ಕಳಿಸುತ್ತೇನೆ. ಉಳಿದ ಪುಟಗಳನ್ನು ಕೈಬಿಡಲು ಒಪ್ಪಿಗೆ ಸಿಕ್ಕಿಲ್ಲ, ಅವು ಹಾಗೇ ಇವೆ. ಅವನ್ನು ಮಾಡುವಾಗ ಬೇಸರವೂ ಹಾಗೇ ಇದೆ. ಆ ಎರಡು ಕೋಷ್ಟಕ ಮಾತ್ರ ಈಗ ಎರಡೆರಡು ಸಲ ತಾಳೆ ನೋಡುತ್ತೇನೆ. ಯಾರೂ ಹೇಳಿಲ್ಲ.

ನೇರಮಾತು

ಕಡತ ಅವರೇ, ತುಂಬಾ ಸಂತೋಷ. ಆದರೆ ನನ್ನ ಕಷ್ಟದ ಪ್ರಶ್ನೆ ಬಾಕಿ ಇದೆ. ಮುಂದಿನ ಕೈ ಕೆಟ್ಟದ್ದಾದರೆ? ಜನರಿಗೆ ಮೋಸ ಮಾಡುವ ಕಾಗದವನ್ನು ಅಚ್ಚುಕಟ್ಟಾಗಿ ಬರೆದುಕೊಟ್ಟವನನ್ನು ಒಳ್ಳೆಯ ಕೆಲಸಗಾರ ಅನ್ನಬೇಕಾ? ಅವನ ಮುಂದಿನ ಕೈಗೂ ಕೆಲಸ ಹಗುರವಾಯಿತಲ್ಲ.

ನಕ್ಷೆಗಾರ

ಇಲ್ಲ. ಮುಂದಿನ ಕೈ ಅಂದರೆ ನನ್ನ ಕೆಲಸ ಕೊನೆಗೆ ಯಾರ ಮೈಮೇಲೆ ಬಂದು ನಿಲ್ಲುತ್ತದೋ ಅವರವರೆಗೂ ನೋಡಬೇಕು. ನಕ್ಷೆ ಕೇಳಿದ ಯಜಮಾನನಿಗೆ ನಿಲ್ಲಬಾರದು. ಆ ಕಟ್ಟಡದ ಕೆಳಗೆ ಮಲಗುವವರವರೆಗೆ ಹೋಗಬೇಕು. ಭಾರ ತಡೆಯದ ನಕ್ಷೆಗೆ ಸಹಿ ಹಾಕು ಎಂದರೆ ಹಾಕುವುದಿಲ್ಲ. ಮಾಡದೆ ನಿಲ್ಲುವುದೂ ನನ್ನ ಕಸುಬಿನ ಭಾಗ. ನಿಮ್ಮ ಮೊದಲ ತಕರಾರಿಗೂ ಇದೇ ನನ್ನ ಉತ್ತರ. ಸೇತುವೆಯ ಮೇಲೆ ನಿಷ್ಠೆ ಕಡಿಮೆಯಾಗಿದ್ದು ಬೋಲ್ಟ್ ಬಿಗಿಯುವವರದ್ದಲ್ಲ. ನಿಲ್ಲಿಸಿ ಎಂದು ಹೇಳಬಲ್ಲವರದ್ದು. ಅಧಿಕಾರ ಜಾಸ್ತಿ ಇದ್ದಷ್ಟೂ ಈ ಪ್ರಶ್ನೆ ಜಾಸ್ತಿ ಕೇಳಿಕೊಳ್ಳಬೇಕು.

ವೈರ್‌ಮ್ಯಾನ್

ನಮ್ಮ ಕೆಲಸದಲ್ಲಿ ಇದು ಮೇಲಿಂದ ಮೇಲೆ ಬರುತ್ತದೆ. ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್, ಪದೇ ಪದೇ ಬೀಳುತ್ತಿದೆ, ಅದನ್ನು ತಪ್ಪಿಸಿ ನೇರ ಲೈನ್ ಕೊಡಿ ಅನ್ನುತ್ತಾರೆ. ಮನೆಗೆ ಹಾಕುವುದು ಸಾಮಾನ್ಯವಾಗಿ 30 ಮಿಲಿಆಂಪಿಯರ್‌ನದ್ದು. ಅಷ್ಟು ಕರೆಂಟ್ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುತ್ತದೆ. ಅದು ಬೀಳುತ್ತಿದೆ ಅಂದರೆ ಎಲ್ಲೋ ಸೋರುತ್ತಿದೆ ಎಂದು ಅರ್ಥ. ಒಂದೊಂದೇ ಲೈನ್ ಬಿಡಿಸಿ ಹುಡುಕಿದರೆ ಎಷ್ಟೋ ಸಲ ಸಿಗುವುದು ನೀರು ಕಾಯಿಸುವ ಗೀಸರ್‌ನ ಕಾಯಿಲ್. ಸ್ನಾನಕ್ಕೆ ಹೋಗುವವರ ಜೀವದ ಪ್ರಶ್ನೆ. ಹುಡುಕಿ ಸರಿ ಮಾಡಿಕೊಡುತ್ತೇನೆ ಅನ್ನುತ್ತೇನೆ. ಬೇಡ, ತಪ್ಪಿಸಿಯೇ ಕೊಡಿ ಎಂದು ಹಟ ಹಿಡಿದರೆ ಸಾಮಾನಿನ ಚೀಲ ಎತ್ತಿಕೊಂಡು ಹೊರಡುತ್ತೇನೆ. ಆ ದಿನದ ಕೂಲಿ ಹೋಗುತ್ತದೆ.

ನೇರಮಾತು

ಆ ಕೂಲಿ ಕಳೆದುಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ ಅಣ್ಣ. ನಿಮಗೆ ಇನ್ನೊಂದು ಮನೆಯ ಕೆಲಸ ಸಿಗುತ್ತದೆ. ತಿಂಗಳ ಸಂಬಳದವನು ಇಲ್ಲ ಅಂದರೆ ಅವನ ಜಾಗಕ್ಕೆ ಹೂಂ ಅನ್ನುವವನು ಬರುತ್ತಾನೆ. ನಕ್ಷೆಗಾರರ ಪ್ರಶ್ನೆಯನ್ನು ನಾನು ಒಪ್ಪಿದೆ. ನಮ್ಮ ಸಂಘದ ಸಭೆಯಲ್ಲೂ ಅದನ್ನು ಎತ್ತುತ್ತೇನೆ. ಆದರೆ ನಾನು ಕೇಳುವುದು ಹೀಗಿರುತ್ತದೆ: ಒಬ್ಬರು ಮಾಡುವುದಿಲ್ಲ ಎಂದು ನಿಂತಾಗ, ಪಕ್ಕದಲ್ಲಿ ಎಷ್ಟು ಜನ ನಿಲ್ಲುತ್ತೀರಿ? ಮೊದಲು ಅವರ ಹೆಸರು ಬರೆದುಕೊಳ್ಳೋಣ.